ಕೊನೆಯ ಮೆಟ್ಟಿಲಿನ ರಾಜ

ಗೊಂಬೆ ವ್ಯಾಪಾರದಲ್ಲಿ ಪಳಗಿದವರು ಮುಖ ನೋಡಿ ಮಾಲು ಕೊಳ್ಳುವುದಿಲ್ಲ. ಗೊಂಬೆಯನ್ನು ತಲೆಕೆಳಗು ಮಾಡಿ ಬುಡಕ್ಕೆ ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ. ಒಳಗೆ ಬಿರುಕಿದ್ದರೆ ಶಬ್ದ ಮಂಕಾಗಿ ಬರುತ್ತದೆ, ಹದವಾಗಿ ಬೆಂದಿದ್ದರೆ ಟಣ್ಣೆನ್ನುತ್ತದೆ. ಲಕ್ಷ್ಮೀಪುರಂನ ವೇದವತಿಯವರನ್ನು ಬರೀ ಮುಖ ನೋಡಿ ಅಳೆದರೆ ಹಿಂದಿನ ಸಾಲಿಗೆ ತಳ್ಳಬೇಕಾಗುತ್ತದೆ. ಎತ್ತರ ಸಾಲದು. ಬಣ್ಣ ಮಾಸಿದೆ. ಎಡ ಮೊಣಕಾಲು ದುರಸ್ತಿಗೆ ಬಂದು ಬಹಳ ಕಾಲವಾಯಿತು, ದುರಸ್ತಿಯಾಗಿಲ್ಲ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ. ವಯಸ್ಸು ಎಂಬತ್ತರ ಹತ್ತಿರ. ಇಂಥ ಮಾಲನ್ನು ಹೊಸ ಅಂಗಡಿಯವನು ರಿಯಾಯಿತಿ ಹಲಗೆಯ ಕೆಳಗಿಡುತ್ತಾನೆ. ಹಳಬ ತಟ್ಟಿ ನೋಡುತ್ತಾನೆ. ತಟ್ಟಿ ನೋಡಿದವರಿಗೆಲ್ಲ ಗೆಣ್ಣು ನೋವಾಗಿದೆ.

ಪ್ರತಿ ವರ್ಷ ನವರಾತ್ರಿಗೆ ಮುಂಚೆ ಅವರು ಇದನ್ನು ಬರೆದವನ ಗೊಂಬೆ ಅಂಗಡಿಗೆ ಬರುತ್ತಾರೆ. ಬೆಲೆಯ ಬಗ್ಗೆ ಚೌಕಾಸಿ ಮಾಡುವುದಿಲ್ಲ. ಚೌಕಾಸಿಯೆಲ್ಲ ಮುಖದ ಮೇಲೆ.

“ಈ ಸಿಪಾಯಿ ಯಾಕೆ ಹೀಗೆ ಹಲ್ಲು ಬಿಡ್ತಿದ್ದಾನೆ?”

“ಮಕ್ಕಳಿಗೆ ಇಷ್ಟ ಆಗಲಿ ಅಂತ ಮೇಡಂ.”

“ಗಡಿಗೆ ಹೊರಟವನು ಮದುವೆಗೆ ಹೊರಟವನ ಥರ ಇದ್ದರೆ ಅವನನ್ನ ನಂಬೋದು ಹೇಗ್ರೀ? ಬೇರೆ ಮುಖ ಕೊಡಿ.”

ಹುಡುಗಿಯರ ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಮಣ್ಣಿನ ಸಿಪಾಯಿಗೂ ಪರೀಕ್ಷೆ ಇಡುತ್ತಾರೆ, ಪಾಸಾಗದವನನ್ನು ಹುಲ್ಲಿನ ಬುಟ್ಟಿಗೇ ವಾಪಸು ಕಳಿಸುತ್ತಾರೆ.

ಅವರ ಮನೆಯ ಗೊಂಬೆಗಳಲ್ಲಿ ಒಂದು ವಿಚಿತ್ರವಿದೆ. ಎಲ್ಲರ ಮನೆಯಲ್ಲೂ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ, ಅಕ್ಕಪಕ್ಕ ನಿಂತಿರುತ್ತವೆ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಜೋಡಿ ಅದು. ಕೆಳಗಿನ ಮೆಟ್ಟಿಲುಗಳಲ್ಲಿ ದೇವರು, ಮದುವೆಯ ದಿಬ್ಬಣ, ಸಂತೆ, ಎಲ್ಲಕ್ಕಿಂತ ಕೆಳಗೆ ಸಿಪಾಯಿಗಳ ಸಾಲು. ವೇದವತಿಯವರ ಮನೆಯಲ್ಲಿ ಮೇಲೆ ರಾಣಿ ಒಬ್ಬಳೇ. ರಾಜ ಕೊನೆಯ ಮೆಟ್ಟಿಲಿನಲ್ಲಿ, ಮಣ್ಣಿನ ಸಿಪಾಯಿಗಳ ನಡುವೆ, ಕಿರೀಟ ಸಮೇತ. ಐವತ್ತು ವರ್ಷಗಳಿಂದ ಹಾಗೆಯೇ ಇದ್ದಾನೆ.

ಅವನು ಅಲ್ಲಿಗೆ ಇಳಿದದ್ದು ಹೇಗೆಂದು ತಿಳಿಯಬೇಕಾದರೆ ಅವರ ಮಾವನಿಂದ ಶುರುಮಾಡಬೇಕು. ಸದಾಶಿವಯ್ಯನವರು ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರು. ನಿವೃತ್ತರಾದ ಮೇಲೂ ಜರಿಪೇಟವಿಲ್ಲದೆ ಹಾಲಿನ ಅಂಗಡಿಗೂ ಹೋಗುತ್ತಿರಲಿಲ್ಲ. ಒಬ್ಬನೇ ಮಗ ಲಕ್ಷ್ಮೀನರಸಿಂಹ, “ಅರಮನೆಗೆ ನಮ್ಮ ವಂಶ ಸಲಾಮು ಹೊಡೆದದ್ದು ಸಾಕಪ್ಪಾ, ನಾನು ಪ್ರತಿಯಾಗಿ ಸಲಾಮು ಹೊಡೆಯೋ ಕಡೆಗೆ ಹೋಗ್ತೀನಿ” ಎಂದು ಸೇನೆಗೆ ಸೇರಿದ. ಅಲ್ಲಿ ತಂತಿ, ರೇಡಿಯೋಗಳ ಕೆಲಸ. ರಜೆಗೆ ಬಂದಾಗ ಮದುವೆಯಾಯಿತು. ವೇದವತಿ ತವರಿನಿಂದ ತಂದ ಪಟ್ಟದ ಗೊಂಬೆಗಳೇ ಮೇಲಿನ ಮೆಟ್ಟಿಲನ್ನೇರಿದವು. ಅತ್ತೆಯ ಹಳೆಯ ಜೋಡಿಯನ್ನು ಅಷ್ಟರಲ್ಲಿ ಗೆದ್ದಲು ತಿಂದು ತೇಗಿತ್ತು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ. ಲಕ್ಷ್ಮೀನರಸಿಂಹ ಇನ್ನಿಲ್ಲವೆಂದು ಪಶ್ಚಿಮದ ಗಡಿಯಿಂದ ತಂತಿ ಬಂತು. ಮಗು ವಸಿಷ್ಠನಿಗೆ ಆಗಿನ್ನೂ ಮಾತು ಸರಿಯಾಗಿ ಬಂದಿರಲಿಲ್ಲ. ಅದೇ ತಿಂಗಳು ದೆಹಲಿಯಲ್ಲಿ ದೇಶದ ರಾಜರೆಲ್ಲರ ಬಿರುದು, ರಾಜಧನಗಳೂ ರದ್ದಾದವು. ಒಂದೇ ಮನೆಗೆ ಎರಡು ಸಿಡಿಲು. ಸಮಾಧಾನ ಹೇಳಲು ಬಂದ ಅರಮನೆಯ ಹಳಬರಿಗೆ ಯಾವುದರಿಂದ ಶುರುಮಾಡಬೇಕೆಂದು ತೋಚುತ್ತಿರಲಿಲ್ಲ. ಕೆಲವರು ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸಿ ಕಾಫಿಗೆ ಕೈ ಚಾಚಿದರು. ಸದಾಶಿವಯ್ಯನವರು ಯಾವುದಕ್ಕೆ ಎಷ್ಟು ಅತ್ತರೆಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ಪೇಟ ಸುತ್ತುವುದನ್ನಂತೂ ನಿಲ್ಲಿಸಿದರು.

ಸಾವಾದ ವರ್ಷ ಗೊಂಬೆ ಕೂರಿಸುವ ಹಾಗಿಲ್ಲ. ಅದರ ಮುಂದಿನ ದಸರೆಗೆ ವೇದವತಿ ಅಟ್ಟದಿಂದ ಪೆಟ್ಟಿಗೆ ಇಳಿಸಿದರು. ಅತ್ತೆ ಬಾಗಿಲಲ್ಲಿ ನಿಂತರು.

“ಬೇರೆ ಗೊಂಬೆ ಬೇಕಾದರೆ ಇಡು. ಪಟ್ಟದ ಜೋಡಿ ಪೆಟ್ಟಿಗೇಲೇ ಇರಲಿ. ನೀನು ಕೂರಿಸೋ ಹಾಗಿಲ್ಲ ಕಣೇ.”

“ಜೋಡಿ ತಾನೇ ಕೂರಿಸಬಾರದು? ರಾಣೀನ ಮಾತ್ರ ಕೂರಿಸ್ತೀನಿ.”

“ಒಂಟಿ ರಾಣೀನ ಯಾರಾದರೂ ಕೂರಿಸ್ತಾರಾ?”

“ನಾನು ಕೂತಿಲ್ವೇ ಅಮ್ಮ?”

ಅತ್ತೆ ಬಾಗಿಲು ಬಿಟ್ಟು ಒಳಗೆ ಬಂದರು. ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದರು. “ಮತ್ತೆ ರಾಜ?”

“ಅವರು ಗಡೀಲಿದ್ದಾರೆ,” ಎಂದ ವೇದವತಿ, ರಾಜನನ್ನು ಒಯ್ದು ಸಿಪಾಯಿಗಳ ಸಾಲಿನಲ್ಲಿ ನಿಲ್ಲಿಸಿದರು. ಇಪ್ಪತ್ತಾರರ ಹೆಂಗಸು. ಮನೆ ಬಿಟ್ಟು ಹೋಗಲಿಲ್ಲ, ಕೂಗಾಡಲಿಲ್ಲ. ಒಂದು ಗೊಂಬೆಯನ್ನು ಕೆಳಗಿಟ್ಟರು, ಅಷ್ಟೇ.

ಆಮೇಲೆ ನಡೆದದ್ದು ಮೈಸೂರಿನಲ್ಲಿ ಮಾತ್ರ ನಡೆಯಬಹುದಾದಂಥದ್ದು. ಸಂಜೆ ವಾಕಿಂಗ್ ಮುಗಿಸಿ ಬಂದ ಸದಾಶಿವಯ್ಯನವರು ಗೊಂಬೆಗಳ ಮುಂದೆ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಸೊಸೆಯ ಒಂಟಿ ರಾಣಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಅವರ ಕಣ್ಣಿಗೆ ಬಿದ್ದದ್ದು ರಾಜ.

“ಮಹಾಪ್ರಭುಗಳನ್ನ ಕಾಲಿನ ಹತ್ತಿರ ಇಟ್ಟಿದ್ದೀಯಲ್ಲಮ್ಮ. ಬಿರುದು ಕಿತ್ತುಕೊಂಡರು, ಆಯ್ತು. ನಮ್ಮ ಮನೇಲೂ ಕಿತ್ತುಕೋಬೇಕಾ?”

“ಮಾವಯ್ಯ, ಅದು ಪ್ರಭುಗಳಲ್ಲ. ನಿಮ್ಮ ಮಗ.”

ಅವರಿಗೆ ಅದು ಕೇಳಿಸಿತೋ ಇಲ್ಲವೋ. ಬೀದಿಗಂತೂ ಕೇಳಿಸಲಿಲ್ಲ. ಉಗ್ರಾಣದ ಸದಾಶಿವಯ್ಯನವರ ಮನೆಯಲ್ಲೇ ರಾಜರನ್ನು ಕೊನೆಯ ಮೆಟ್ಟಿಲಿಗೆ ಇಳಿಸಿದ್ದಾರೆಂಬ ಸುದ್ದಿ ಲಕ್ಷ್ಮೀಪುರಂ ತುಂಬ ಹರಡಿತು. ಅರಮನೆಯ ಕಡೆಯವರು ಆ ಮನೆಯ ಮುಂದೆ ಬಂದಾಗ ಮುಖ ಆ ಕಡೆ ತಿರುಗಿಸತೊಡಗಿದರು. ಇನ್ನೊಂದು ಪಕ್ಷದವರೂ ಸುಮ್ಮನಿರಲಿಲ್ಲ. ಖಾದಿ ತೊಟ್ಟ ನಿವೃತ್ತ ಹೆಡ್‌ಮಾಸ್ಟರೊಬ್ಬರು ಗುಲಾಬಿ ಹಾರ ತಂದು, ಪ್ರಜಾಪ್ರಭುತ್ವವನ್ನು ಗೊಂಬೆಗಳಿಗೂ ಕಲಿಸಿದ ಮೊದಲ ಮಹಿಳೆಯೆಂದು ಬಾಗಿಲಲ್ಲೇ ಭಾಷಣ ಶುರುಮಾಡಿದರು.

“ಸಾರ್, ಅದು ನನ್ನ ಗಂಡ,” ಎಂದರು ವೇದವತಿ.

“ನಿಮ್ಮ ವಿನಯ ದೊಡ್ಡದಮ್ಮ,” ಎಂದು ಹೆಡ್‌ಮಾಸ್ಟರು ಭಾಷಣ ಮುಂದುವರಿಸಿದರು.

ಒಬ್ಬ ಹೆಂಗಸಿನ ಗಂಡ ಸತ್ತದ್ದಕ್ಕಿಂತ ರಾಜರ ಪದವಿ ಹೋದದ್ದು ಬೀದಿಗೆ ದೊಡ್ಡ ಮಾಲು. ವೇದವತಿ ಬಂದವರಿಗೆಲ್ಲ ನಿಜ ಹೇಳಿದರು. ಯಾರೂ ಕೊಳ್ಳಲಿಲ್ಲ. ರಾಜನನ್ನು ಮೇಲಿಟ್ಟುಬಿಡು, ಎರಡೂ ಪಕ್ಷದ ಬಾಯಿ ಮುಚ್ಚುತ್ತದೆ ಎಂದು ತವರಿನವರು ಹೇಳಿಕಳಿಸಿದರು. “ಅವರ ಬಾಯಿ ಮುಚ್ಚಿಸೋಕೆ ನಾನು ಗೊಂಬೆ ಕೂರಿಸ್ತಿಲ್ಲ” ಎಂದು ಇವರು ಉತ್ತರ ಹೇಳಿಕಳಿಸಿದರು. ಮುಂದಿನ ವರ್ಷವೂ ರಾಜ ಕೆಳಗೇ ನಿಂತ. ಅದರ ಮುಂದಿನ ವರ್ಷವೂ.

ಸದಾಶಿವಯ್ಯನವರು ಕೆಲವು ದಸರೆಗಳನ್ನು ಗೊಂಬೆಗಳಿಗೆ ಬೆನ್ನು ಹಾಕಿ ಕೂತೇ ಕಳೆದರು. ಒಂದು ವರ್ಷ ಇದ್ದಕ್ಕಿದ್ದಂತೆ ಕುರ್ಚಿ ತಿರುಗಿಸಿಕೊಂಡು ಬಹಳ ಹೊತ್ತು ಕೊನೆಯ ಮೆಟ್ಟಿಲನ್ನೇ ನೋಡಿದರು. “ಅಲ್ಲಿ ಕೆಳಗೆ ಬೆಳಕು ಸಾಲದು ಕಣಮ್ಮ. ಒಂದು ಬಲ್ಬು ಹಾಕಿಸು,” ಎಂದರು. ವೇದವತಿ ಹಾಕಿಸಿದರು.

ನವರಾತ್ರಿಯಲ್ಲಿ ಮುತ್ತೈದೆಯರನ್ನು ಅರಿಸಿನ ಕುಂಕುಮಕ್ಕೆ ಕರೆಯುವುದು ರೂಢಿ. ಗಂಡ ಸತ್ತವರಿಗೆ ಕರೆಯಿಲ್ಲ. ವೇದವತಿಯವರಿಗೂ ಕರೆ ಬರುವುದು ನಿಂತಿತು. ಅವರು ಅಳುತ್ತ ಕೂರುವ ಬದಲು ನವರಾತ್ರಿಯ ಭಾನುವಾರವನ್ನು ಹಿಡಿದಿಟ್ಟುಕೊಂಡರು. ಎಲ್ಲಿಂದಲೂ ಕರೆ ಬರದ ಹೆಂಗಸರಿಗೆಲ್ಲ ಅವರ ಮನೆಯಲ್ಲಿ ಅಂದು ಕರೆ. ಮೊದಲ ವರ್ಷ ಇಬ್ಬರು ಬಂದರು, ಅದೂ ಹಿತ್ತಲ ಬಾಗಿಲಿಂದ. ವೇದವತಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಸುತ್ತಿಕೊಂಡು ಮುಂದಿನಿಂದ ಬನ್ನಿ ಎಂದರು.

ಇಲವಾಲದ ಬಸವಮ್ಮ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಗಂಡ ಮಹದೇವಸ್ವಾಮಿ ಶ್ರೀಲಂಕಾಕ್ಕೆ ಹೋದ ನಮ್ಮ ಸೇನೆಯಲ್ಲಿದ್ದವನು, ವಾಪಸು ಬರಲಿಲ್ಲ. ಪಿಂಚಣಿ ಕಚೇರಿಯ ಸಾಲಿನಲ್ಲಿ ಬಸವಮ್ಮ ವೇದವತಿಯವರ ಹಿಂದೆ ನಿಂತಿದ್ದರು. ಮೇಲುಜಾತಿಯ ಮನೆಯ ಹೆಂಗಸೊಬ್ಬರು ತಮ್ಮನ್ನು ‘ನೀವು’ ಎಂದದ್ದನ್ನು ಕೇಳಿ ಮೊದಲು ಹಿಂದೆ ತಿರುಗಿ ನೋಡಿದರಂತೆ, ಇನ್ಯಾರನ್ನೋ ಮಾತಾಡಿಸುತ್ತಿದ್ದಾರೆಂದು.

“ನಿಮ್ಮ ಯಜಮಾನರು ಯಾವ ಯುದ್ಧದಲ್ಲಿ?” ಎಂದು ಕೇಳಿದ್ದರು ವೇದವತಿ.

“ಯುದ್ಧಾನೇ ಅಲ್ವಂತೆ ಕಣಕ್ಕ. ಶಾಂತಿ ಕಾಯಕ್ಕೆ ಓಗಿದ್ರಂತೆ. ಕಾಯ್ತಾ ಕಾಯ್ತಾ ಸತ್ತೋದ.”

ಆ ಭಾನುವಾರ ಬಸವಮ್ಮ ಮುಂಬಾಗಿಲಿನಿಂದಲೇ ಬಂದು ಹಜಾರದ ಕುರ್ಚಿಯಲ್ಲಿ ಕೂತರು. ಅತ್ತೆ ಇನ್ನೂ ಇದ್ದರು. ಕಣ್ಣು ಮಂದವಾಗಿದ್ದರೂ ಮೂಗು ಚುರುಕಾಗಿತ್ತು.

“ಯಾವ ಕಡೆಯವರಮ್ಮ ನೀನು?”

“ಇಲವಾಲದ ಕಡೆಯೋರು.”

“ಅದಲ್ಲ, ಯಾರ ಪೈಕಿ?”

“ಸಿಪಾಯಿ ಪೈಕಿ,” ಎಂದರು ಬಸವಮ್ಮ.

ಅತ್ತೆ ಎದ್ದು ಒಳಗೆ ಹೋದರು. ಅಲ್ಲಿಂದ ಪಾತ್ರೆ ಬಡಿದ ಸದ್ದು ಕೇಳಿಸಿತು. ವೇದವತಿ ಮನೆಯವರು ಕುಡಿಯುವ ಬೆಳ್ಳಿ ಲೋಟದಲ್ಲೇ ಬಸವಮ್ಮನಿಗೆ ಕಾಫಿ ತಂದುಕೊಟ್ಟು, ಮಣ್ಣಿನ ಸಿಪಾಯಿಗಳ ಬುಟ್ಟಿಯನ್ನು ಮುಂದಿಟ್ಟರು. “ನಿಮ್ಮವರನ್ನ ನೀವೇ ಆರಿಸಿ, ಕೊನೇ ಮೆಟ್ಟಿಲಲ್ಲಿಡಿ.” ಬಸವಮ್ಮ ಎಲ್ಲರನ್ನೂ ನೋಡಿ, ಬಂದೂಕು ಪಕ್ಕಕ್ಕಿಟ್ಟು ಟೀ ಕುಡಿಯುತ್ತ ಕೂತ ಸಿಪಾಯಿಯನ್ನು ಎತ್ತಿಕೊಂಡರು. “ಇವ್ನು ಕೂತಿರ್ಲಿ. ನಿಂತೂ ನಿಂತೂ ಸಾಕಾಗೋಗಿರ್ತದೆ.”

ಅಂದಿನಿಂದ ಅದು ಆ ಮನೆಯ ಪದ್ಧತಿಯಾಯಿತು. ಬಂದ ಹೆಂಗಸರು ತಮ್ಮ ತಮ್ಮವರನ್ನು ಅಲ್ಲಿ ತಂದಿಟ್ಟರು. ಎಲ್ಲರೂ ಸಿಪಾಯಿಗಳೇ ಆಗಿರಲಿಲ್ಲ. ರೈಲ್ವೆಯವನು, ಟಾಂಗಾದವನು, ಅಂಗಡಿಯವನು ಎಲ್ಲ ಬಂದು ಕೊನೆಯ ಮೆಟ್ಟಿಲು ಸಂತೆಯಾಯಿತು. ಕೆಲವು ವರ್ಷಗಳಲ್ಲಿ ಬಸವಮ್ಮನ ಮನೆಯವರು ಬೌದ್ಧರಾದರು. ಆಮೇಲೂ ಬಸವಮ್ಮ ಬರುವುದನ್ನು ಬಿಡಲಿಲ್ಲ. “ನಮ್ಮನೇಲಿ ಗೊಂಬೆಗಿಂಬೆ ಇಡಲ್ಲ ವೇದಕ್ಕ. ಬುದ್ಧ ಒಬ್ನೇ ಕೂತವ್ನೆ. ಎಂಡ್ತಿ ಎಲ್ಲಿ ಅಂತ ಒಬ್ರಾದ್ರೂ ಕೇಳ್ತಾರಾ? ನಿಮ್ ರಾಣಿಗೆ ಮಾತ್ರ ಗಂಡ ಎಲ್ಲಿ, ಗಂಡ ಎಲ್ಲಿ ಅಂತ ಪ್ರಾಣ ತಿಂತಾರೆ.”

ಹೀಗೆ ಐವತ್ತು ದಸರೆ ಕಳೆದ ಮೇಲೆ, ಮೊನ್ನೆ ಮೊನ್ನೆ, ರಾಜನನ್ನು ಮೇಲೆ ಹತ್ತಿಸುವ ಪ್ರಯತ್ನ ಮನೆಯೊಳಗಿನಿಂದಲೇ ಶುರುವಾಯಿತು.

ಮೊಮ್ಮಗಳು ಗಾರ್ಗಿಗೆ ಮದುವೆ ಗೊತ್ತಾಗಿತ್ತು. ಹುಡುಗನನ್ನು ಅವಳೇ ಆರಿಸಿಕೊಂಡಿದ್ದಳು. ಅವನ ತಂದೆ ಸುಂದರೇಶ, ಕುವೆಂಪುನಗರದಲ್ಲಿ ಲೆಕ್ಕಪರಿಶೋಧಕರು. ಮಾತೇನೋ ಆಗಿತ್ತು, ಲಗ್ನಪತ್ರಿಕೆ ಬರೆಸುವುದು ಬಾಕಿ. ನವರಾತ್ರಿಯ ಎರಡನೆಯ ದಿನ ಗಂಡಿನ ಕಡೆಯವರು ಗೊಂಬೆ ನೋಡಲು ಬರುವುದಾಗಿ ಹೇಳಿಕಳಿಸಿದರು. ಗೊಂಬೆ ನೋಡಲು ಬರುವವರು ಗೊಂಬೆಯನ್ನಷ್ಟೇ ನೋಡುವುದಿಲ್ಲವೆಂದು ವಸಿಷ್ಠನಿಗೆ ಗೊತ್ತಿತ್ತು. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿ ತಲೆ ನರೆಸಿಕೊಂಡವನು.

“ಅಮ್ಮಾ, ಒಂದೇ ಒಂದು ಸಂಜೆ. ರಾಜನ್ನ ಮೇಲಿಡೋಣ. ಅವರು ಹೋದ ಮೇಲೆ ಬೇಕಾದರೆ ಕೆಳಗಿಡು.”

“ಅವರು ಹೋದ ಮೇಲೆ ಕೆಳಗಿಡೋದಾದರೆ ಐವತ್ತು ವರ್ಷ ಯಾಕಿಟ್ಟೆ?”

“ಮದುವೆ ಮನೆಯವರಮ್ಮ. ಹುಡುಗನ ತಾಯಿ ಭಾರೀ ಮಡಿ. ಒಂಟಿ ರಾಣಿ ಅಪಶಕುನ ಅಂತ ಹಿಂದೆ ಸರಿದರೆ ಗಾರ್ಗಿ ಗತಿ ಏನು?”

“ಒಂದು ಮರದ ಬೊಂಬೆ ನೋಡಿ ಓಡಿಹೋಗೋರಾದರೆ ಈಗಲೇ ಓಡಲಿ. ಮದುವೆ ಆದ ಮೇಲೆ ಓಡಿದರೆ ಛತ್ರದ ಬಾಡಿಗೆ ದಂಡ.”

ವೇದವತಿ ಅಷ್ಟು ಹೇಳಿ, ಹೂವು ತರಲು ದೇವರಾಜ ಮಾರುಕಟ್ಟೆಗೆ ಹೋದರು. ಮಲ್ಲಿಗೆಯ ಮೊಳ ಹಾಕುವಾಗ ಕೈ ಗಿಡ್ಡ ಮಾಡುವವಳ ಜೊತೆ ಜಗಳವಾಡಿ ಮನೆಗೆ ಬರುವಷ್ಟರಲ್ಲಿ ರಾಜ ಮೇಲಿದ್ದ. ರಾಣಿಯ ಪಕ್ಕದಲ್ಲಿ, ಹೊಸ ಜರಿ ಪಂಚೆ ಉಡಿಸಿಕೊಂಡು, ಏನೂ ಆಗದವನಂತೆ. ವಸಿಷ್ಠ ಸ್ಟೂಲಿನ ಪಕ್ಕದಲ್ಲಿ ನಿಂತು ಗೋಡೆ ನೋಡುತ್ತಿದ್ದ. ಆಚೆ ಕಾರು ನಿಂತ ಸದ್ದಾಯಿತು.

ಬಂದವರು ಮೂರು ಜನ. ಸುಂದರೇಶ, ಅವರ ಹೆಂಡತಿ, ಹುಡುಗ. ಕುಶಲ ಮಾತಾಯಿತು. ಸುಂದರೇಶರ ಹೆಂಡತಿ ಗೊಂಬೆಗಳ ಮುಂದೆ ನಿಂತು “ತುಂಬ ಲಕ್ಷಣವಾಗಿದೆ,” ಎಂದರು. ವಸಿಷ್ಠನ ಹೆಗಲು ಸಡಿಲವಾಯಿತು. ಮಾತು ಅಲ್ಲಿಗೇ ನಿಂತಿದ್ದರೆ ಎಲ್ಲರಿಗೂ ಸಲೀಸು. ವೇದವತಿ ಹೂವಿನ ಪೊಟ್ಟಣವನ್ನು ಸೊಸೆಯ ಕೈಗೆ ಕೊಟ್ಟು ಸ್ಟೂಲ್ ಎಳೆದರು.

“ಅಜ್ಜಿ, ಮೊಣಕಾಲು,” ಎಂದಳು ಗಾರ್ಗಿ.

“ಮೊಣಕಾಲು ನಂದು. ನೀನು ಸ್ಟೂಲ್ ಹಿಡ್ಕೋ.”

ಗಾರ್ಗಿ ಅಪ್ಪನ ಮುಖ ನೋಡಿದಳು, ಹುಡುಗನ ಮುಖ ನೋಡಿದಳು, ಆಮೇಲೆ ಸ್ಟೂಲ್ ಹಿಡಿದಳು. ವೇದವತಿ ಹತ್ತಿ, ರಾಜನನ್ನು ಮಗುವಿನಂತೆ ಕಂಕುಳಿಗೆ ಎತ್ತಿಕೊಂಡು ಇಳಿದು, ಪಂಚೆ ಬಿಚ್ಚಿ ಮಡಿಸಿ, ಅವನನ್ನು ಅವನ ಜಾಗದಲ್ಲಿ ನಿಲ್ಲಿಸಿದರು.

“ಕ್ಷಮಿಸಿ, ನಮ್ಮ ಹುಡುಗ ತಪ್ಪಿ ಮೇಲಿಟ್ಟಿದ್ದ. ಇವರು ಇಲ್ಲಿರೋದು. ಎಪ್ಪತ್ತೊಂದರಲ್ಲಿ ಗಡಿಗೆ ಹೋದವರು.”

ಸುಂದರೇಶರ ಹುಬ್ಬು ಮೇಲೇರಿತು. “ಓಹೋ, ಆ ಮನೆ ಇದೇನಾ? ನಮ್ಮ ತಂದೆ ಅರಮನೇಲಿದ್ದವರು. ರಾಜರಿಗೆ ಅವಮಾನ ಮಾಡಿದ ಮನೆ ಅಂತ ಈ ಬೀದೀಲಿ ಸೈಕಲ್ಲೇ ತುಳೀತಿರಲಿಲ್ಲ.” ಅವರು ನಕ್ಕರು. ಹಳೆಯ ರಾಜಕೀಯ, ಈಗ ಅದರಲ್ಲಿ ಖಾರವಿರಲಿಲ್ಲ.

ಅವರ ಹೆಂಡತಿ ನಗಲಿಲ್ಲ. ಅವರು ಒಮ್ಮೆ ರಾಣಿಯನ್ನು ನೋಡಿದರು, ಒಮ್ಮೆ ವೇದವತಿಯವರ ಹಣೆಯನ್ನು ನೋಡಿದರು. ವಿಚಿತ್ರವೆಂದರೆ ಐವತ್ತು ವರ್ಷಗಳಲ್ಲಿ ಗೊಂಬೆ ನೋಡಲು ಬಂದ ಮುತ್ತೈದೆಯರಲ್ಲಿ ಆ ಒಂಟಿ ರಾಣಿ ಯಾರೆಂದು ಒಂದೇ ನೋಟಕ್ಕೆ ಅರ್ಥಮಾಡಿಕೊಂಡವರು ಅವರೊಬ್ಬರೇ. ಅದಕ್ಕೇ, ವೇದವತಿ ಕುಂಕುಮದ ತಟ್ಟೆ ಹಿಡಿದು ಎದುರಿಗೆ ಬಂದಾಗ, ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ನಿಮ್ಮ ಸೊಸೆ ಕೈಲಿ ಕೊಡಿಸಿ.”

“ಮನೆ ನಂದು, ಗೊಂಬೆ ನಂದು, ತಟ್ಟೆ ನಂದು,” ಎಂದರು ವೇದವತಿ ದನಿ ಏರಿಸದೆ. “ನಾನೇ ಕೊಡೋದು. ಈಗ ಬೇಡ ಅಂದ್ರೆ ಅವಸರ ಇಲ್ಲ, ತಟ್ಟೆ ಇಲ್ಲೇ ಇರುತ್ತೆ.”

ತಿಂಡಿಯನ್ನು ಅರ್ಧಕ್ಕೆ ಬಿಟ್ಟು ಗಂಡಿನವರು ಎದ್ದರು. ಹುಡುಗ ಬಾಗಿಲಲ್ಲಿ ಏನೋ ಹೇಳಲು ಹೋಗಿ ಅಮ್ಮನ ಹಿಂದೆ ಕಾರು ಹತ್ತಿದ. ಲಗ್ನಪತ್ರಿಕೆಯ ಮಾತೇ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಫೋನಿನ ಕಡೆ ನೋಡದೆ ಯಾರೂ ಊಟ ಮಾಡಲಿಲ್ಲ. ಹುಡುಗ ಗಾರ್ಗಿಗೆ ಮಾತ್ರ ಫೋನು ಮಾಡಿ, ಅಮ್ಮ ಒಪ್ಪುತ್ತಿಲ್ಲ, ಸ್ವಲ್ಪ ಸಮಯ ಕೊಡು ಎಂದ. ವಸಿಷ್ಠ ತಾಯಿಯ ಮುಂದೆ ಬಂದು ನಿಂತ.

“ಒಂದು ಮಾತು, ತಪ್ಪಾಯ್ತು ಅಂತ ಫೋನಲ್ಲಿ ಹೇಳಿಬಿಡಮ್ಮ. ಇದು ನಿನ್ನ ಹಟದ ವಿಷಯ ಅಲ್ಲ, ಮಗು ಜೀವನ.”

“ಏನು ತಪ್ಪಾಯ್ತು ಅಂತ ಹೇಳಲೋ? ನಿಮ್ಮಪ್ಪ ಸತ್ತದ್ದಾ, ನಾನು ಬದುಕಿರೋದಾ?”

ವಸಿಷ್ಠ ಹೊರಗೆ ಹೋದ. ವೇದವತಿ ಕೂತಲ್ಲೇ ಕೂತರು. ಹಟ ಅವರಿಗೆ ಹೊಸದಲ್ಲ. ಆದರೆ ಇಷ್ಟು ವರ್ಷ ಅದರ ಬೆಲೆಯನ್ನು ತೆತ್ತವರು ಅವರೇ. ಈ ಸಲ ಬೇರೆಯವರು ತೆರಬೇಕಾಗಿತ್ತು. ಗಾರ್ಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ನಿಜ ಹೇಳು. ಆ ಹುಡುಗ ಬೇಕಾ ನಿಂಗೆ?”

“ಬೇಕು ಅಜ್ಜಿ.”

“ರಾಣಿ ಮೇಲೆ ಒಬ್ಬಳೇ ಇರೋದು?”

“ಅದೂ ಬೇಕು.”

“ಎರಡೂ ಬೇಕು ಅನ್ನೋದು ದುಬಾರಿ ಕಣೇ.”

“ನಿಮ್ಮ ಮೊಮ್ಮಗಳು ಅಗ್ಗಕ್ಕೆ ಸಿಗ್ತಾಳೆ ಅಂತ ಅವರಿಗೆ ಯಾರು ಹೇಳಿದ್ದು?” ಎಂದಳು ಗಾರ್ಗಿ. ಕಣ್ಣು ಕೆಂಪಾಗಿತ್ತು, ಮಾತು ನೆಟ್ಟಗಿತ್ತು. “ನೀವೇನಾದ್ರೂ ಫೋನ್ ಮಾಡಿ ತಪ್ಪಾಯ್ತು ಅಂದ್ರೆ, ಸ್ಟೂಲ್ ಹಿಡಿದ ನಾನೂ ತಪ್ಪಾಯ್ತು ಅನ್ಬೇಕಾಗುತ್ತೆ. ನಾನು ಅನ್ನಲ್ಲ.”

ಭಾನುವಾರ ಬಂತು. ಎಲ್ಲರಿಗಿಂತ ಮೊದಲು ಇಲವಾಲದ ಬಸ್ಸಿನಿಂದ ಬಸವಮ್ಮ ಇಳಿದರು. ವಿಷಯವೆಲ್ಲ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಯೋಚಿಸಿದರು.

“ಬುಡಿ ವೇದಕ್ಕ. ನಮ್ ಕೈ ನೀರು ಕುಡಿಯಲ್ಲ ಅಂತಿದ್ದೋರು ನಿಮ್ ಬೀದೀಲಿ ಎಷ್ಟು ಜನ ಇದ್ರು? ಈಗ ನಮ್ ಹೈಕ್ಳು ಓಟ್ಲು ಮಡಗವ್ರೆ, ಅವರ ಮೊಮ್ಮಕ್ಳು ಬಂದು ಬಿರಿಯಾನಿ ತಿಂದೋಗ್ತಾರೆ. ಕೈ ಇಂದಕ್ಕೆ ಎಳ್ಕೊಂಡೋರು ಎಷ್ಟು ದಿನ ಎಳ್ಕೊಂಡೇ ಕೂತಾರು? ಕೈ ನೋಯಲ್ವಾ?”

ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಸೊಸೆ ಚಿತ್ರಾನ್ನ ಬಡಿಸುತ್ತಿದ್ದಾಗ ಬಾಗಿಲಲ್ಲಿ ಆಟೋ ನಿಂತಿತು. ಬೋಳು ಹಣೆಯ, ತೆಳ್ಳನೆಯ ಮುದುಕಿಯೊಬ್ಬರು ಇಳಿದು, ಮುಂಬಾಗಿಲನ್ನೇ ಹಿಡಿದು ಬಂದರು. ವೇದವತಿಗಿಂತ ಹಿರಿಯರು.

“ವೇದವತಿ ಅಂದ್ರೆ ಯಾರಮ್ಮ? ನಾನು ಮಂಗಳಮ್ಮ. ಸುಂದರೇಶನ ತಾಯಿ.”

ಮಂಗಳಮ್ಮ ಯಾರ ಕಡೆಗೂ ನೋಡದೆ ಗೊಂಬೆಗಳ ಮುಂದೆ ಹೋಗಿ ನಿಂತರು. ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ನೋಡಿದರು.

“ನಮ್ಮವರು ಈ ಮನೆ ಹೊಸಿಲು ತುಳಿಯಬೇಡ ಅಂದಿದ್ರು. ರಾಜರ ಮಾನದ ವಿಷಯ, ನಾನೂ ತುಳೀಲಿಲ್ಲ. ಅವರು ಹೋದ ಮೇಲೆ ಯಾರ ಮನೆಯವರೂ ಗೊಂಬೆಗೆ ಕರೀಲಿಲ್ಲ. ನಮ್ಮನೇಲೇ ಗೊಂಬೆ ಕೂರಿಸ್ತಾರೆ, ಜನ ಬಂದಾಗ ನಾನು ಒಳಕೋಣೇಲಿರ್ತೀನಿ. ಮೊನ್ನೆ ಸೊಸೆ ಬಂದು ಇಲ್ಲಿ ನಡೆದದ್ದನ್ನ ಹೇಳಿ ಬೈತಿದ್ಲು. ಒಳಗೆ ಕೂತು ಕೇಳಿಸ್ಕೊಂಡೆ. ಬೈಗುಳ ಅಂತ ನಂಗೆ ಅನ್ನಿಸಲೇ ಇಲ್ಲ ಕಣಮ್ಮ, ವಿಳಾಸ ಹೇಳ್ದ ಹಾಗಿತ್ತು.”

ಬಸವಮ್ಮ ತಮ್ಮ ಕುರ್ಚಿಯನ್ನು ಅವರ ಕಡೆ ಸರಿಸಿದರು. “ಕೂತ್ಕಳಿ ಅವ್ವ. ಇಲ್ಲಿ ಒಳಕೋಣೆ ಅನ್ನೋದೇ ಇಲ್ಲ.”

ಮಂಗಳಮ್ಮ ಕೂರಲಿಲ್ಲ. “ಒಂದು ಮಾತು ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ. ರಾಜರನ್ನ ಅಷ್ಟು ಕೆಳಗೆ ನಿಲ್ಲಿಸಿದ್ದು ನಂಗೆ ಇವತ್ತಿಗೂ ಸರಿ ಕಾಣಲ್ಲ.”

“ಕಾಣೋದು ಬೇಡ,” ಎಂದರು ವೇದವತಿ. “ಕಾಫಿ ಕುಡೀತೀರಾ?”

“ಮೊದಲು ಆ ತಟ್ಟೆ ಕೊಡಿ. ನನ್ನ ಸೊಸೆ ಬೇಡ ಅಂದಳಲ್ಲ, ಅದು.”

ವೇದವತಿ ತಟ್ಟೆ ತಂದು ಹಿಡಿದರು. ಮಂಗಳಮ್ಮ ಕುಂಕುಮವನ್ನು ತಾವೇ ತೆಗೆದುಕೊಳ್ಳಲಿಲ್ಲ, ಹಣೆ ಮುಂದೆ ಚಾಚಿದರು. ವೇದವತಿ ಇಟ್ಟರು. ಗಾರ್ಗಿ ಮಲ್ಲಿಗೆ ಮುಡಿಸಿದಳು. ಇದ್ದ ಅಷ್ಟೇ ಅಷ್ಟು ಕೂದಲಿಗೆ ಹೂವು ನಿಲ್ಲದೆ ಜಾರಿತು. ಬಸವಮ್ಮ ತಮ್ಮ ತಲೆಯಿಂದ ಹೇರ್‌ಪಿನ್ ಕಿತ್ತು ಸಿಕ್ಕಿಸಿದರು.

ಊಟದ ಮಧ್ಯೆ ವಸಿಷ್ಠನ ಫೋನು ಬಡಿದುಕೊಂಡಿತು. ಸುಂದರೇಶ. ಅಮ್ಮ ಮನೆಯಲ್ಲಿಲ್ಲ, ಗಾಬರಿಯಾಗಿದೆ, ಅಲ್ಲೇನಾದರೂ ಬಂದಿದ್ದಾರಾ ಎಂದು. ವಸಿಷ್ಠ ಫೋನನ್ನು ಮಂಗಳಮ್ಮನ ಕೈಗೆ ಕೊಟ್ಟ. ಅವರು ಎಲೆಯ ಮುಂದೆ ಕೂತೇ ಮಾತಾಡಿದರು.

“ಇಲ್ಲೇ ಇದ್ದೀನಿ ಕಣೋ. ಕುಂಕುಮ ಇಡಿಸ್ಕೊಂಡೆ, ಹೂವೂ ಮುಡಿದಿದ್ದೀನಿ. ಇದು ಅಶುಭ ಅಂತ ನಿನ್ನ ಹೆಂಡತಿ ಅನ್ನೋದಾದ್ರೆ ಅಶುಭ ಈಗ ನಿಮ್ಮನೆಗೇ ವಾಪಸ್ ಬರುತ್ತೆ, ಸಂಜೆ ಹೊತ್ತಿಗೆ. ಬಾಗಿಲು ತೆಗೀತೀರೋ ಇಲ್ವೋ ಕೇಳಿ ಹೇಳು. ಇಲ್ಲ ಅಂದ್ರೆ ಇಲ್ಲೇ ಇದ್ದುಬಿಡ್ತೀನಿ, ಚಿತ್ರಾನ್ನ ಚೆನ್ನಾಗಿದೆ.” ಆ ಕಡೆಯ ಮಾತು ಕೇಳಿಸಲಿಲ್ಲ. ಮಂಗಳಮ್ಮ ಸ್ವಲ್ಪ ಹೊತ್ತು ಆಲಿಸಿ, “ಬಾಗಿಲು ತೆಗೀತೀರಿ ತಾನೇ, ಹಾಗಾದರೆ ಪತ್ರಿಕೆ ಬರೆಸೋಕೆ ದಿನ ನೋಡು. ಮದುವೇಲಿ ನಾನು ಮುಂದಿನ ಸಾಲಲ್ಲಿ ಕೂರ್ತೀನಿ. ಇದೇ ಹೂವು ಮುಡಿದು,” ಎಂದು ಫೋನು ವಾಪಸು ಕೊಟ್ಟು ಮೊಸರನ್ನಕ್ಕೆ ಕೈ ಹಾಕಿದರು.

ಮದುವೆ ಕಾರ್ತಿಕದಲ್ಲಿ ಆಯಿತು. ಗಾರ್ಗಿಗೆ ಪಟ್ಟದ ಗೊಂಬೆಗಳ ಹೊಸ ಜೋಡಿಯನ್ನು ಛತ್ರದ ಎಲ್ಲರೆದುರು ಕೊಟ್ಟದ್ದು ವೇದವತಿಯವರ ಕೈ. ಮುಂದಿನ ಸಾಲಿನಲ್ಲಿ ಮಂಗಳಮ್ಮ, ಅವರ ಪಕ್ಕದಲ್ಲಿ ಬಸವಮ್ಮ. ಸುಂದರೇಶರ ಹೆಂಡತಿ ಇವತ್ತಿಗೂ ವೇದವತಿಯವರಿಂದ ಕುಂಕುಮ ತೆಗೆದುಕೊಂಡಿಲ್ಲ. ಲಕ್ಷ್ಮೀಪುರಂನ ಮನೆಗೆ ಬಂದಾಗ ಕೈ ಕಟ್ಟಿಕೊಂಡೇ ಕೂರುತ್ತಾರೆ. ವೇದವತಿಯವರೂ ಬಿಡುವುದಿಲ್ಲ, ಪ್ರತಿ ಸಲ ತಟ್ಟೆ ಹಿಡಿಯುತ್ತಾರೆ.

ಇದನ್ನು ಬರೆದ ಗೊಂಬೆ ವ್ಯಾಪಾರಿಯ ತಾಯಿಯೂ ಗಂಡ ಹೋದ ಮೇಲೆ ಬದುಕಿದ್ದ ತನಕ ಪ್ರತಿ ನವರಾತ್ರಿಯ ಭಾನುವಾರ ಆ ಮನೆಗೆ ಹೋಗಿ ಹೂವು ಮುಡಿದು, ಹೊಟ್ಟೆ ತುಂಬ ಉಂಡು, ನಗುನಗುತ್ತ ಮನೆಗೆ ಬರುತ್ತಿದ್ದರು. ತಾಯಿಯ ಆ ನಗುವಿಗಾಗಿ ಇದನ್ನು ಬರೆದವನು ವೇದವತಿಯವರಿಗೆ ಋಣಿ.